ಅವ್ವಾ, ನಮಗ ಸೂಟಿ ಯಾವಾಗ?

ಪ್ರಶ್ನೆ: ನನ್ನ ಮಗಳಿಗೆ 7 ವರ್ಷ, ಮಗನಿಗೆ ನಾಲ್ಕೂವರೆ. ಒಂದನೇ ಇಯತ್ತೆಯಲ್ಲಿದ್ದಾಗ ಮಗಳು ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತ ಅಳುತ್ತಿದ್ದಳು. ಡಾಕ್ಟರು ಏನೂ ಇಲ್ಲ ಅಂದರು. ಹೋದ ವರ್ಷ ನಾನು, ನನ್ನ ಗಂಡ ಇಬ್ಬರೂ ಯೋಚಿಸಿ ಶಾಲೆ ಬಿಡಿಸಿದೆವು. ಈಗ ನಾನೇ ಮನೆಯಲ್ಲಿ ಕಲಿಸುತ್ತೇನೆ. ಹೊಟ್ಟೆನೋವು ಹೋಯಿತು. ಆದರೆ ನನ್ನ ವಾರ ನೋಡಿ. ಸೋಮವಾರ ಅಬಾಕಸ್. ಮಂಗಳವಾರ ಬೆಳಿಗ್ಗೆ ಈಜು, ಸಂಜೆ ಚಿತ್ರಕಲೆ. ಬುಧವಾರ, ಶುಕ್ರವಾರ ಧಾರವಾಡದಲ್ಲಿ ಹಿಂದುಸ್ತಾನಿ ಸಂಗೀತ. ಗುರುವಾರ ಸ್ಕೇಟಿಂಗ್, ಫೋನಿಕ್ಸ್ (ಇಂಗ್ಲಿಷ್ ಅಕ್ಷರಗಳ ಉಚ್ಚಾರ). ರವಿವಾರ ಚೆಸ್. ಶನಿವಾರ ನಮ್ಮ ಹಾಗೇ ಮನೆಯಲ್ಲಿ ಕಲಿಸುವ ಮೂರು ಕುಟುಂಬಗಳ ಜೊತೆ ಹೊರಗೆ ಹೋಗುತ್ತೇವೆ. ಒಂದೇ ತಿಂಗಳಲ್ಲಿ ಬೆಂಗೇರಿಯ ಖಾದಿ ಕೇಂದ್ರ, ರೈಲ್ವೆ ಮ್ಯೂಸಿಯಂ, ಬಿಂಕದಕಟ್ಟಿ ಮೃಗಾಲಯ, ಲಕ್ಕುಂಡಿ ಮುಗಿಸಿದೆವು. ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಹೋದ ಗುರುವಾರ ಸ್ಕೇಟಿಂಗಿಗೆ ಹೊರಟಾಗ ಮಗಳು ಒಂದೇ ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು, "ಅವ್ವಾ, ಎಲ್ಲಾರಿಗೂ ಸೂಟಿ ಇರ್ತದ. ನಮಗ ಸೂಟಿ ಯಾವಾಗ?" ಅಂದಳು. ಸಿಟ್ಟಿನಿಂದ ಕೂಗಾಡಿದೆ. ಆಮೇಲೆ ಬಚ್ಚಲಮನೆಗೆ ಹೋಗಿ ಅತ್ತುಬಿಟ್ಟೆ. ಅತ್ತೆಯವರು, "ಮಕ್ಕಳನ್ನ ಊರೆಲ್ಲಾ ತಿರುಗಾಡಸ್ತಿ, ಶಾಲಿಗೆ ಹಚ್ಚಾಕ ಏನಾಗೇತಿ?" ಅನ್ನುತ್ತಾರೆ. ಗಂಡ, "ನೀನೇ ಆರಿಸಿಕೊಂಡಿದ್ದು" ಅನ್ನುತ್ತಾರೆ. ಜೂನ್ ಬಂತು. ಎದುರು ಮನೆ ಮಕ್ಕಳು ಹೊಸ ಯೂನಿಫಾರ್ಮ್ ಹಾಕಿಕೊಂಡು ಆಟೋ ಹತ್ತುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಮತ್ತೆ ಶಾಲೆಗೆ ಹಚ್ಚಲೇ? ತಪ್ಪು ಮಾಡಿದೆನೇ?

ಹೆಸರು ಬೇಡ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರ ನಾಲ್ಕು ಪುಟದ್ದು. ಮೇಲೆ ಅಚ್ಚಾಗಿರುವುದು ಅದರ ಕಾಲು ಭಾಗ. ಉಳಿದ ಮುಕ್ಕಾಲನ್ನೂ ನಾನು ಎರಡು ಸಲ ಓದಿದೆ. ಎರಡನೇ ಸಲ ಪೆನ್ನು ಹಿಡಿದು ಲೆಕ್ಕ ಹಾಕುತ್ತಾ ಓದಿದೆ.

ವಾರಕ್ಕೆ 8 ಕ್ಲಾಸು, ತಲಾ ಒಂದು ತಾಸು. ಧಾರವಾಡಕ್ಕೆ ಚಿಗರಿ ಬಸ್ ಹಿಡಿದರೂ ಹೋಗಿ ಬರಲು ಎರಡೂವರೆ ತಾಸು ಬೇಕು ಅಂತ ನೀವೇ ಬರೆದಿದ್ದೀರಿ. ಎರಡು ದಿನಕ್ಕೆ ಐದು ತಾಸಾಯಿತು. ಉಳಿದ ಆರು ಕ್ಲಾಸು ಊರೊಳಗೇ ಇವೆ. ಆದರೂ ಬೂಟು ಹುಡುಕಿ, ನೀರಿನ ಬಾಟಲಿ ತುಂಬಿಸಿ, ಸ್ಕೂಟರ್ ತೆಗೆದು, ತಿರುಗಿ ಬರುವಷ್ಟರಲ್ಲಿ ಒಂದೊಂದಕ್ಕೂ ಒಂದು ತಾಸು ಹೋಗುತ್ತದೆ. ಒಟ್ಟು 11. ಅಂದರೆ 8 ತಾಸು ಕಲಿಯಲು 11 ತಾಸು ದಾರಿ. ಶನಿವಾರದ್ದು ಇದರಲ್ಲಿ ಸೇರಿಸಿಯೇ ಇಲ್ಲ. ಶಾಲೆಗೆ ಹೋಗುವ ಮಗು ದಿನಕ್ಕೆ ಒಂದು ಸಲ ಬೂಟು ಹಾಕುತ್ತದೆ. ನಿಮ್ಮ ಮಗಳು ಕೆಲವು ದಿನ ಎರಡು ಸಲ ಹಾಕುತ್ತಾಳೆ.

ಇನ್ನು ಚಿಕ್ಕವನ ಲೆಕ್ಕ. ಆ ಎಂಟರಲ್ಲಿ ಅವನದ್ದು ಎರಡೇ, ಈಜು ಮತ್ತು ಚಿತ್ರಕಲೆ. ಉಳಿದ ಆರು ತಾಸು ಅವನು ಎಲ್ಲಿರುತ್ತಾನೆ? ಮೂರನೇ ಪುಟದಲ್ಲಿ ಒಂದು ಸಾಲಿದೆ: "ಅಕ್ಕನ ಕ್ಲಾಸು ಮುಗಿಯುವ ತನಕ ಅವನು ಹೊರಗೆ ಮೆಟ್ಟಿಲ ಮೇಲೆ ನನ್ನ ಮೊಬೈಲ್ ನೋಡುತ್ತಾ ಕೂರುತ್ತಾನೆ." ಅದೇ ಪುಟದ ಕೆಳಗೆ ಇನ್ನೊಂದು ಸಾಲು: "ನಮ್ಮ ಮನೆಯಲ್ಲಿ ಟಿವಿ ಇಟ್ಟಿಲ್ಲ." ಬೈಯುತ್ತಿಲ್ಲ ನಾನು. ಬರೆಯುವಾಗ ಈ ಎರಡು ಸಾಲು ಒಂದರ ಪಕ್ಕ ಒಂದು ಬಂದು ಕೂತಿದ್ದು ನಿಮಗೆ ಕಂಡಿರಲಿಕ್ಕಿಲ್ಲ, ಅಷ್ಟೇ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ಫ್ರಿಜ್ಜಿನ ಮಾತು. ಟೈಮ್‌ಟೇಬಲ್ ಅಂಟಿಸಿದ್ದೀರಿ, ಸರಿ. "ಯಾರೇ ಮನೆಗೆ ಬಂದರೂ ಮೊದಲು ಅದನ್ನೇ ತೋರಿಸುತ್ತೇನೆ" ಅಂತಲೂ ಬರೆದಿದ್ದೀರಿ. ಯಾಕೆ ತೋರಿಸುತ್ತೀರಿ? ಶಾಲೆ ಬಿಡಿಸಿದ ದಿನದಿಂದ ಬಂದವರೆಲ್ಲ "ಯಾವ ಶಾಲಿರೀ?" ಅಂತ ಕೇಳಿದ್ದಾರೆ. ನೀವು ಒಬ್ಬೊಬ್ಬರಿಗೂ ಉತ್ತರ ಕೊಡಬೇಕಾಗಿದೆ. ಆ ಉತ್ತರ ಬೆಳೆದು ಬೆಳೆದು 8 ಕ್ಲಾಸಾಗಿದೆ. ಅಬಾಕಸ್ ನಿಮ್ಮ ನಾದಿನಿಗೆ, ಫೋನಿಕ್ಸ್ ಎದುರು ಮನೆಯವರಿಗೆ, ಚೆಸ್ ಗಂಡನ ಆಫೀಸಿನವರಿಗೆ. ಮಗಳಿಗೆ ಅಂತ ಇರುವುದು ಯಾವುದು, ಹೇಳಿ ನೋಡೋಣ.

ಅದನ್ನೂ ನೀವೇ ಬರೆದಿದ್ದೀರಿ, ಗೊತ್ತಿಲ್ಲದೆ. ನೀವು ಪಾತ್ರೆ ತಿಕ್ಕುವಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಭೂಪ್ ರಾಗ ಗುನುಗುತ್ತಾಳಂತೆ. ಲಕ್ಕುಂಡಿಯಲ್ಲಿ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲವಂತೆ. ಒಂದು ಸಾಲು ಇರುವೆ ಕಲ್ಲಿನ ಸಂದಿಯೊಳಗೆ ಹೋಗುತ್ತಿತ್ತು. ಅದು ಯಾವ ಮೆಟ್ಟಿಲಲ್ಲಿ ಹೊರಗೆ ಬರುತ್ತದೆ ನೋಡಬೇಕು ಅಂದಳು. ಉಳಿದವರೆಲ್ಲ ಕಾಶಿ ವಿಶ್ವನಾಥ ಗುಡಿ ಕಡೆ ಹೊರಟಿದ್ದರು. ಎಬ್ಬಿಸಿಕೊಂಡು ಹೋದಿರಿ. ಇಡೀ ಪತ್ರದಲ್ಲಿ ಮಗಳು ತಾನಾಗಿಯೇ ಏನನ್ನಾದರೂ ಬೇಕು ಅಂದಿದ್ದು ಎರಡೇ ಕಡೆ. ಒಂದು ಆ ಇರುವೆ, ಇನ್ನೊಂದು ಸೂಟಿ.

ಹಾಗಾಗಿ ನನ್ನ ಮಾತು ಇಷ್ಟು. ಶಾಲೆ ಬಿಡಿಸಿದ್ದು ತಪ್ಪಲ್ಲ. ದಿನಾ ಬೆಳಿಗ್ಗೆ ಅಳುತ್ತಿದ್ದ ಮಗುವಿನ ಹೊಟ್ಟೆನೋವು ಹೋಯಿತಲ್ಲ, ಅದು ಸಣ್ಣ ಮಾತೇ? ತಪ್ಪಾಗಿದ್ದು ಆಮೇಲೆ. ಶಾಲೆಯಿಂದ ಬಿಡಿಸಿ ತಂದ ಹೊತ್ತನ್ನೆಲ್ಲ ನೀವು ಮತ್ತೆ ಹಂಚಿಬಿಟ್ಟಿರಿ. ಆ ಹೊತ್ತು ಅವಳಿಗೆ ವಾಪಸ್ ಸಿಗಲಿ.

ಸಂಗೀತ ಇರಲಿ. ಆದರೆ ಧಾರವಾಡಕ್ಕೆ ವಾರಕ್ಕೆ ಎರಡು ಸಲ ಬೇಡ. ಗುರುಗಳನ್ನು ಕೇಳಿ, ಒಂದೇ ದಿನ ಸ್ವಲ್ಪ ಜಾಸ್ತಿ ಹೊತ್ತು ಕೂರಿಸಿಕೊಳ್ಳಬಹುದು. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲೇ ಕಲಿಸುವವರನ್ನು ಹುಡುಕಿ. ಗಂಗೂಬಾಯಿ ಹಾನಗಲ್ ಬಾಳಿದ ಊರಿನಲ್ಲಿ ಗುರುಗಳಿಗೆ ಬರವೇ? ಗದಗಿನ ಭೀಮಸೇನ ಜೋಶಿಯವರು 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆಯಿಂದ ಓಡಿಹೋಗಿದ್ದರು. ಅವರನ್ನು ಯಾರೂ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟಿರಲಿಲ್ಲ. ನಿಮ್ಮ ಮಗಳೂ ಓಡಿಹೋಗಲಿ ಅಂತಲ್ಲ ಮತ್ತೆ! ಬೇಕು ಅನ್ನಿಸಲು ಅವಳಿಗೆ ಒಂದಿಷ್ಟು ಪುರುಸೊತ್ತು ಬೇಕು, ಅಷ್ಟೇ.

ಈಜು ಇರಲಿ. ಅಕ್ಕ-ತಮ್ಮ ಇಬ್ಬರೂ ಹೋಗುವ ಜಾಗ ಅದು, ಯಾರೂ ಮೆಟ್ಟಿಲ ಮೇಲೆ ಕೂರುವುದಿಲ್ಲ. ಅಬಾಕಸ್, ಫೋನಿಕ್ಸ್, ಸ್ಕೇಟಿಂಗ್ ಈ ತಿಂಗಳೇ ನಿಲ್ಲಿಸಿ. ಫೀ ಕಟ್ಟಿದ್ದೇನಲ್ಲ ಅನ್ನುತ್ತೀರಿ. ಕಟ್ಟಿದ್ದು ಹೋಯಿತು. ನಾನೂ ಹಿಂದೆ ಹಾಗೇ, ದುಡ್ಡು ಕೊಟ್ಟಾಗಿದೆ ಅಂತ ಮಗನನ್ನು ಆರು ತಿಂಗಳು ತಬಲಾ ಕ್ಲಾಸಿಗೆ ಎಳೆದುಕೊಂಡು ಹೋಗಿದ್ದೆ. ಇವತ್ತಿಗೂ ತಬಲಾ ಸದ್ದು ಕೇಳಿದರೆ ಅವನು ಎದ್ದು ಹೊರಗೆ ಹೋಗುತ್ತಾನೆ.

ಮಂಗಳವಾರದ ಚಿತ್ರಕಲೆ ಬಗ್ಗೆ ಬೇರೆಯೇ ಹೇಳಬೇಕು. ಇನ್ನೇನು ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅದು ಮುಗಿದರೆ ಆಷಾಢ. ಆಷಾಢದ ಮಂಗಳವಾರಗಳಿಗೆ ನಮ್ಮ ಕಡೆ ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವ ಇದ್ದಾಳಲ್ಲ. ನಿಮ್ಮ ಅತ್ತೆ ಕುಂದಗೋಳ ಕಡೆಯ ಹಳ್ಳಿಯವರು ಅಂತ ಬರೆದಿದ್ದೀರಿ. ಅವರ ಕೈಗೆ ಒಂದು ಬುಟ್ಟಿ ಮಣ್ಣು ಕೊಟ್ಟು ಸುಮ್ನೆ ಪಕ್ಕಕ್ಕೆ ಸರಿಯಿರಿ. "ಮಕ್ಕಳಿಗೆ ಕಲಿಸಿರಿ" ಅನ್ನಬೇಡಿ. "ಈ ಸಲ ಎತ್ತು ಮನ್ಯಾಗ ಮಾಡೂಣ್ರೀ" ಅನ್ನಿ, ಸಾಕು. ಎರಡು ಎತ್ತು, ಮುಂದೆ ಒಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ನಾಲ್ಕು ಕಾಲಿನ ಮೇಲೆ ಎತ್ತು ನಿಲ್ಲಬೇಕಾದರೆ ಹೊಟ್ಟೆ ಎಷ್ಟು ದಪ್ಪ ಇರಬೇಕು, ಮಣ್ಣು ಎಷ್ಟು ಗಟ್ಟಿ ಕಲಸಬೇಕು ಅನ್ನುವುದನ್ನು ನಾಲ್ಕೂವರೆ ವರ್ಷದವನು ಮೂರು ಎತ್ತು ಬೀಳಿಸಿ ಕಲಿಯುತ್ತಾನೆ. ಆಮೇಲೆ ಗುಳ್ಳವ್ವನಿಗೆ ಕುಸುಬಿ ಕಾಳು, ಗುಲಗಂಜಿ ಒತ್ತುವಾಗ ಮಗಳು ಸಾಲು ಎಣಿಸುತ್ತಾಳೆ. ಇದಕ್ಕೆ ಸ್ಕೂಟರ್ ಬೇಕಿಲ್ಲ.

ಅತ್ತೆಯ ಬಗ್ಗೆ ಇನ್ನೂ ಒಂದು ಮಾತು. ಅವರು ಹೇಳಿದ್ದರಲ್ಲಿ ಅರ್ಧ ನಿಜ. "ಊರೆಲ್ಲಾ ತಿರುಗಾಡಸ್ತಿ" ಅಂದಿದ್ದು ನಿಜವೇ ತಾನೇ? ಮೊಮ್ಮಕ್ಕಳು ಮನೆಯಲ್ಲೇ ಓದುತ್ತಾರೆ ಅಂತ ಕೇಳಿದ್ದಾರೆ, ಆದರೆ ಮೊಮ್ಮಕ್ಕಳು ಮನೆಯಲ್ಲಿ ಇದ್ದುದನ್ನು ಅವರು ನೋಡಿಲ್ಲ. ನೋಡಲಿ. ಉಳಿದರ್ಧಕ್ಕೆ ಆಮೇಲೆ ಉತ್ತರ ಕೊಟ್ಟರಾಯಿತು.

ಇನ್ನು ನಿಮ್ಮ ಯಜಮಾನರು. "ಇಬ್ಬರೂ ಯೋಚಿಸಿ" ಬಿಡಿಸಿದ ಮೇಲೆ "ನೀನೇ ಆರಿಸಿಕೊಂಡಿದ್ದು" ಅನ್ನುವ ಮಾತು ಎಲ್ಲಿಂದ ಬಂತು? ಚೆಸ್ ನಿಲ್ಲಿಸಿ, ರವಿವಾರ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಮಕ್ಕಳನ್ನು ಅವರಿಗೆ ಒಪ್ಪಿಸಿ. ಎಲ್ಲಿಗೆ ಕರೆದೊಯ್ಯಲಿ ಅಂದರೆ ರೈಲ್ವೆ ಸ್ಟೇಷನ್ ಅನ್ನಿ. ಮ್ಯೂಸಿಯಂ ಅಲ್ಲ, ಪ್ಲಾಟ್‌ಫಾರ್ಮ್. ನಮ್ಮ ಹುಬ್ಬಳ್ಳಿಯದು ಜಗತ್ತಿನಲ್ಲೇ ಉದ್ದನೆಯದು, 1507 ಮೀಟರ್. ಈ ತುದಿಯಿಂದ ಆ ತುದಿಗೆ ಎಷ್ಟು ಹೆಜ್ಜೆ ಅಂತ ಮಗಳು ಎಣಿಸಲಿ, ಅಪ್ಪನ ಹೆಜ್ಜೆ ಎಷ್ಟು ಅಂತಲೂ ಎಣಿಸಲಿ. ಚಿಕ್ಕವನು ಅರ್ಧ ದಾರಿಯಲ್ಲೇ ಹೆಗಲು ಕೇಳುತ್ತಾನೆ. ಆ ಭಾರ ಎಷ್ಟು ಅಂತ ಅವರಪ್ಪನಿಗೂ ಗೊತ್ತಾಗಲಿ. ನೀವು ಆ ಹೊತ್ತಿನಲ್ಲಿ ಅಡುಗೆ ಮುಗಿಸಿಡಬೇಡಿ. ಮಲಗಿ, ಇಲ್ಲವೇ ಉಣಕಲ್ ಕೆರೆ ದಂಡೆಗೆ ಒಬ್ಬರೇ ಹೋಗಿ ಬನ್ನಿ.

ಶನಿವಾರದ ಗೆಳೆಯರ ಕೂಟ ಬಿಡಬೇಡಿ. ಮಕ್ಕಳಿಗಿಂತ ಅದು ನಿಮಗೆ ಬೇಕು. ಆದರೆ ತಿಂಗಳಿಗೆ ನಾಲ್ಕು ಜಾಗ ಅಲ್ಲ, ಒಂದೇ ಜಾಗ. ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವುದನ್ನು ಒಂದು ಸಲ ನೋಡಿದ ಮಗು "ಓ, ಬಾವುಟ" ಅನ್ನುತ್ತದೆ. ಎರಡನೇ ಸಲ ಹೋದರೆ ನೂಲು ಎಲ್ಲಿಂದ ಬಂತು ಅಂತ ಕೇಳುತ್ತದೆ. ಉಳಿದ ಶನಿವಾರ ಯಾರಾದರೊಬ್ಬರ ಮನೆ ಅಂಗಳ ಸಾಕು. ಲಕ್ಕುಂಡಿಗೆ ಇನ್ನೊಂದು ಸಲ ಹೋಗಿ, ನೀವು ಮೂರು ಜನ ಮಾತ್ರ. ಆ ಬಾವಿಯ ಹತ್ತಿರ ಅವಳು ಏಳುವ ತನಕ ಕೂತಿರಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಶಾಲೆಗೆ ಹಚ್ಚಬೇಕೇ? ಜೂನ್ ತಿಂಗಳಲ್ಲಿ, ಇಷ್ಟು ದಣಿದಾಗ, ಎದುರು ಮನೆ ಆಟೋ ನೋಡಿಕೊಂಡು ಇದನ್ನು ತೀರ್ಮಾನಿಸಬೇಡಿ. ಬಾಗಿಲು ಮುಚ್ಚಿಹೋಗುತ್ತದೆ ಅನ್ನುವ ಹೆದರಿಕೆ ಬೇಡ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ವರ್ಷದ ನಡುವೆ ಬಂದಿದ್ದೀರಿ ಅಂತ ಪ್ರವೇಶ ನಿರಾಕರಿಸುವಂತಿಲ್ಲ. ಮನೆಯಲ್ಲೇ ಕಲಿಸುವುದರ ಹೆಸರೇ ಆ ಕಾಯ್ದೆಯಲ್ಲಿ ಇಲ್ಲ, ಅದನ್ನೂ ತಿಳಿದಿರಿ. ಮುಂದೆ ಮನೆಯಲ್ಲೇ ಓದಿ 10ನೇ ಇಯತ್ತೆ ಪರೀಕ್ಷೆಗೆ ಕೂರಬೇಕೆಂದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಇದೆ. ಅದಕ್ಕೆ 14 ವರ್ಷ ತುಂಬಿರಬೇಕು. ನಿಮ್ಮ ಮಗಳಿಗೆ ಇನ್ನೂ ಏಳು ವರ್ಷ ಬಾಕಿ.

ನಾಗರಪಂಚಮಿ ತನಕ ಹೀಗೆ ನಡೆಸಿ ನೋಡಿ. ಬೆಳಿಗ್ಗೆ ಒಂದೂವರೆ, ಎರಡು ತಾಸು ಓದು, ಬರಹ, ಲೆಕ್ಕ ಸಾಕು. ಉಳಿದ ಹೊತ್ತು ಮನೆಯದು, ಮಣ್ಣಿನದು. ಆಗಲೂ ದಣಿವು ಹೋಗದಿದ್ದರೆ, ಅಥವಾ ಮಗಳೇ ಶಾಲೆಗೆ ಹೋಗುತ್ತೇನೆ ಅಂದರೆ, ಹಚ್ಚಿ. ಅದು ಸೋಲಲ್ಲ. ಆದರೆ ಹೊಟ್ಟೆನೋವು ಯಾಕೆ ಬರುತ್ತಿತ್ತು ಅನ್ನುವುದನ್ನು ಅವಳ ಬಾಯಿಂದಲೇ ಕೇಳಿ ತಿಳಿದುಕೊಂಡು, ಆಮೇಲೆ ಶಾಲೆ ಹುಡುಕಿ. ನಾಲ್ಕು ಪುಟದಲ್ಲಿ ಅದೊಂದನ್ನು ನೀವು ಬರೆದಿಲ್ಲ. ಕೇಳಿಯೇ ಇಲ್ಲವೇನೋ ಅನ್ನಿಸಿತು.

ಫ್ರಿಜ್ಜಿನ ಮೇಲಿನ ಟೈಮ್‌ಟೇಬಲ್ ಹರಿಯಬೇಡಿ. ಗುರುವಾರದ ಖಾನೆಗೆ ಬಿಳಿ ಕಾಗದ ಅಂಟಿಸಿ, ಮಗಳ ಕೈಗೆ ಸ್ಕೆಚ್ ಪೆನ್ನು ಕೊಟ್ಟು "ಸೂಟಿ" ಅಂತ ಬರೆಸಿ. ಬಂದವರು ಕೇಳಿದರೆ ಅವಳೇ ಓದಿ ಹೇಳಲಿ.

ಇನ್ನು ಎತ್ತಿನ ಮಣ್ಣು. ಅಂಗಡಿಯಲ್ಲಿ ಮಾರುವ ಗಾರ್ಡನ್ ಮಣ್ಣು ತರಬೇಡಿ, ಎತ್ತು ಬಿರಿಯುತ್ತದೆ. ಜಿಗುಟು ಕರಿಮಣ್ಣು ಬೇಕು, ಕುಂದಗೋಳದ ಕಡೆ ಹೊಲದ್ದೇ ಆದರೆ ಇನ್ನೂ ಒಳ್ಳೆಯದು. ಕೋಡು ಮುರಿದರೆ ಮಗ ಅಳುತ್ತಾನೆ. ಒಳಗೆ ಕಸಬರಿಗೆ ಕಡ್ಡಿ ಚುಚ್ಚಿ ಮತ್ತೆ ಮಣ್ಣು ಹಚ್ಚಿದರೆ ನಿಲ್ಲುತ್ತದೆ. ನಿಮ್ಮ ಅತ್ತೆಗೆ ಗೊತ್ತಿರುತ್ತದೆ, ಕೇಳಿ.