ಬೇಸ್ ಇಮೇಜ್ ಕಣ್ಣೆದುರಿಗೇ ಇದೆ, ಆದರೂ ಸಿಗುತ್ತಿಲ್ಲ ಏಕೆ?

ಪ್ರಶ್ನೆ: ನಮ್ಮ ತಂಡಕ್ಕೆಂದು ಕ್ಯೂಎಮು (ಕಂಪ್ಯೂಟರಿನೊಳಗೆ ವರ್ಚುವಲ್ ಯಂತ್ರ ಓಡಿಸುವ ತಂತ್ರಾಂಶ) ಕೈಪಿಡಿ ಬರೆಯುತ್ತಿದ್ದೇನೆ. 'ಲ್ಯಾಬ್' ಫೋಲ್ಡರ್‌ನೊಳಗೆ 'ಮೂಲ', 'ಪ್ರತಿ' ಎಂಬ ಎರಡು ಫೋಲ್ಡರ್‌ಗಳಿವೆ. ಲ್ಯಾಬ್‌ನಲ್ಲಿದ್ದುಕೊಂಡು, ಬ್ಯಾಕಿಂಗ್ ಫೈಲ್ (ಆಧಾರವಾಗುವ ಡಿಸ್ಕ್ ಇಮೇಜ್, ಅಂದರೆ ಬೇಸ್) ಜಾಗದಲ್ಲಿ 'ಮೂಲ/ಬೇಸ್.ಕ್ಯೂಕೌ2' ಕೊಟ್ಟು 'ಪ್ರತಿ/ಒಂದು.ಕ್ಯೂಕೌ2' ಎಂಬ ಓವರ್‌ಲೇ (ಬೇಸ್‌ನ ಮೇಲಾದ ಬದಲಾವಣೆಗಳನ್ನಷ್ಟೇ ಇಟ್ಟುಕೊಳ್ಳುವ ಫೈಲ್) ಮಾಡಹೊರಟರೆ ಫೈಲೇ ಇಲ್ಲ ಎನ್ನುತ್ತದೆ. ಟ್ಯಾಬ್ ಒತ್ತಿದರೆ ಮಾತ್ರ ಅದೇ ಹೆಸರು ತಾನಾಗಿ ಪೂರ್ತಿಯಾಗುತ್ತದೆ! ಯಾವಾಗಲೂ ಪೂರ್ತಿ ಪಾತ್ ಕೊಡಿ ಎಂದು ಕೈಪಿಡಿಯಲ್ಲಿ ಬರೆದುಬಿಡಲೇ?

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಮೊದಲು ಆ ದೋಷಸಂದೇಶವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ತೆರೆಯಲಾಗಲಿಲ್ಲ ಎಂದು ಅದು ಹೇಳುತ್ತಿರುವುದು 'ಮೂಲ/ಬೇಸ್' ಅನ್ನು ಅಲ್ಲ, 'ಪ್ರತಿ/ಮೂಲ/ಬೇಸ್' ಅನ್ನು. ಉತ್ತರ ಅಲ್ಲೇ ಇದೆ. ಬ್ಯಾಕಿಂಗ್ ಫೈಲಿನ ರಿಲೇಟಿವ್ ಪಾತ್ (ಒಂದು ಫೋಲ್ಡರ್‌ನಿಂದ ಶುರುಮಾಡಿ ಹೇಳುವ ದಾರಿ) ಎಣಿಕೆಯಾಗುವುದು ನೀವು ಕಮಾಂಡ್ ಕೊಟ್ಟ ಫೋಲ್ಡರ್‌ನಿಂದಲ್ಲ, ಓವರ್‌ಲೇ ಇರುವ ಫೋಲ್ಡರ್‌ನಿಂದ. ನೀವು ಕೊಡಬೇಕಿದ್ದದ್ದು '../ಮೂಲ/ಬೇಸ್.ಕ್ಯೂಕೌ2' ('..' ಎಂದರೆ ಒಂದು ಫೋಲ್ಡರ್ ಮೇಲಕ್ಕೆ). ಟ್ಯಾಬ್ ಒತ್ತಿದಾಗ ಹೆಸರು ಪೂರ್ತಿ ಮಾಡುವುದು ನಿಮ್ಮ ಕಮಾಂಡ್ ಓದುವ ಶೆಲ್, ಅದಕ್ಕೆ ಗೊತ್ತಿರುವುದು ನೀವಿರುವ ಫೋಲ್ಡರ್ ಮಾತ್ರ.

ನೀವು ಕೊಟ್ಟ ಹೆಸರು ಓವರ್‌ಲೇಯ ಹೆಡರ್‌ನಲ್ಲಿ (ಫೈಲಿನ ಆರಂಭದ ವಿವರಗಳ ಭಾಗ) ಅಕ್ಷರಶಃ ಹಾಗೇ ಉಳಿಯುತ್ತದೆ. ಆರು ತಿಂಗಳ ನಂತರ ಬೇರೊಬ್ಬರು ಬೇರೆಲ್ಲಿಂದಲೋ ಆ ಫೈಲ್ ತೆರೆದಾಗ, ಇಂದು ನೀವು ಯಾವ ಫೋಲ್ಡರ್‌ನಲ್ಲಿದ್ದಿರಿ ಎಂಬುದು ಎಲ್ಲೂ ದಾಖಲಾಗಿರುವುದಿಲ್ಲ. ಓವರ್‌ಲೇ ಎಲ್ಲಿದೆ ಎಂಬುದಂತೂ ತೆರೆಯುವಾಗ ತಿಳಿದೇ ಇರುತ್ತದೆ. ಇದರಿಂದಾಗಿಯೇ ಲ್ಯಾಬ್ ಫೋಲ್ಡರನ್ನು ಇಡಿಯಾಗಿ ಇನ್ನೊಂದು ಡಿಸ್ಕಿಗೆ ಸಾಗಿಸಿದರೂ ಬೇಸ್, ಓವರ್‌ಲೇಗಳ ಸರಪಳಿ ಮುರಿಯುವುದಿಲ್ಲ. ಪೂರ್ತಿ ಪಾತ್ ಕೊಟ್ಟಿದ್ದರೆ ಸಾಗಿಸಿದ ದಿನವೇ ಎಲ್ಲ ಓವರ್‌ಲೇಗಳ ಕೊಂಡಿಯೂ ತಪ್ಪುತ್ತದೆ. ಬೇಸ್ ಒಂದೇ ಕಡೆ ಸ್ಥಿರವಾಗಿದ್ದು ಓವರ್‌ಲೇಗಳಷ್ಟೇ ಅತ್ತಿತ್ತ ಹೋಗುವುದಾದರೆ ಪೂರ್ತಿ ಪಾತ್ ಸರಿ.

ಕೈಪಿಡಿಯ ವಿಷಯಕ್ಕೆ ಬರೋಣ. ನಾನೂ ಇಂಥ ಟಿಪ್ಪಣಿಗಳನ್ನು ಬಹಳ ಬರೆದವನು. ಬೇಸ್, ಓವರ್‌ಲೇ ಎರಡೂ ಒಂದೇ ಫೋಲ್ಡರ್‌ನಲ್ಲಿರುವ ಉದಾಹರಣೆ ಕೊಟ್ಟು, ಅಲ್ಲಿಂದಲೇ ಕಮಾಂಡ್ ಓಡಿಸಿದರೆ ಯಾವ ತಪ್ಪು ತಿಳುವಳಿಕೆಯಿದ್ದರೂ ಕೆಲಸವಾಗುತ್ತದೆ. ನಿಯಮ ಓದುಗರ ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿರುವ ಮೂರು ಫೋಲ್ಡರ್‌ಗಳ ಜೋಡಣೆಯನ್ನೇ ಉದಾಹರಣೆಯಾಗಿ ಹಾಕಿ, ಆ ದೋಷಸಂದೇಶವನ್ನೂ ಪಕ್ಕದಲ್ಲೇ ಕೊಡಿ. ನಿಯಮದ ಸಾಲು ಬ್ಯಾಕಿಂಗ್ ಫೈಲ್ ಹೇಳುವ '-ಬಿ' ಆಯ್ಕೆಯ ವಿವರಣೆಯಲ್ಲೇ ಇರಲಿ, ಕೊನೆಯ ಪುಟದ ಸೂಚನೆಗಳಲ್ಲಿ ಬೇಡ. ಬೇಸ್‌ನ ಫಾರ್ಮ್ಯಾಟ್ ಹೇಳುವ ಕ್ಯಾಪಿಟಲ್ '-ಎಫ್' ಅನ್ನೂ ಬಿಡಬೇಡಿ, 6.1ನೇ ಆವೃತ್ತಿಯಿಂದ ಅದು ಕಡ್ಡಾಯ.

ಫೈಲ್‌ಗಳನ್ನು ಬೇರೆ ಬೇರೆ ಕಡೆ ಸರಿಸಿ ಕೊಂಡಿ ತಪ್ಪಿದರೆ 'ರೀಬೇಸ್' ಕಮಾಂಡಿಗೆ '-ಯು' ಸೇರಿಸಿ ಹೊಸ ಪಾತ್ ಕೊಡಿ. ಇಲ್ಲೂ ಎಣಿಕೆ ಓವರ್‌ಲೇಯಿಂದಲೇ. ಆದರೆ '-ಯು' ಹೆಡರ್‌ನಲ್ಲಿರುವ ಹೆಸರನ್ನು ಬದಲಿಸುತ್ತದೆಯೇ ಹೊರತು ಒಳಗಿನ ಡೇಟಾ ಹೊಂದುತ್ತದೆಯೇ ಎಂದು ನೋಡುವುದಿಲ್ಲ. ಒಮ್ಮೆ ನಾನು ಅದೇ ಹೆಸರಿನ, ಆದರೆ ಅಪ್‌ಡೇಟ್ ಆಗಿದ್ದ ಬೇಸ್‌ಗೆ ಹೀಗೆ ಜೋಡಿಸಿದ್ದೆ. ಯಂತ್ರ ಬೂಟ್ ಆಯಿತು, ಲಾಗಿನ್ ಕೂಡ ಆಯಿತು. ಫೈಲ್‌ಗಳನ್ನು ತೆರೆಯತೊಡಗಿದಾಗ ಒಂದರೊಳಗೆ ಇನ್ನೊಂದರ ತುಣುಕು. ಎರಡು ವಾರದ ಪರೀಕ್ಷಾ ಫಲಿತಾಂಶಗಳು ಹೋದವು. ಈ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿ.

ಸದ್ಯ ಯಾವ ಪಾತ್ ದಾಖಲಾಗಿದೆ ಎಂದು ತಿಳಿಯಲು 'ಇನ್ಫೋ' ಕಮಾಂಡ್ ಸಾಕು. ಹೆಡರ್‌ನಲ್ಲಿರುವ ಹೆಸರಿನ ಜೊತೆಗೆ, ಅದು ನಿಜವಾಗಿ ತಲುಪುವ ಪಾತ್ ಬೇರೆಯಿದ್ದರೆ ಅದನ್ನೂ ಆವರಣದಲ್ಲಿ ತೋರಿಸುತ್ತದೆ. ಯಾವುದನ್ನೇ ಸರಿಸುವ ಮುನ್ನ ಪ್ರತಿಯೊಂದು ಓವರ್‌ಲೇಯ ಈ ವಿವರವನ್ನು ಒಂದು ಟೆಕ್ಸ್ಟ್ ಫೈಲಿಗೆ ಹಾಕಿಟ್ಟುಕೊಳ್ಳಲು ನಿಮ್ಮ ತಂಡದವರಿಗೆ ಹೇಳಿ.