ಕಾಡುದಾರಿಯಲ್ಲಿ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೆಂಗಳೂರಿನವನಾದ ನಾನು ಉದ್ಯೋಗದ ನಿಮಿತ್ತ ಎರಡು ವರ್ಷಗಳಿಂದ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿದ್ದೇನೆ. ರಜಾದಿನಗಳಲ್ಲಿ ಮೌಂಟನ್ ಬೈಕ್ ತೆಗೆದುಕೊಂಡು ಸರ್ರೆ ಹಿಲ್ಸ್‌ನ ಕಾಡಿಗೆ ಹೋಗುತ್ತೇನೆ. ಕಳೆದ ತಿಂಗಳು ಹಿರಿಯರೊಬ್ಬರು ನನ್ನನ್ನು ತಡೆದು, ಇದು ನಡೆಯುವವರ ದಾರಿ, ಇಲ್ಲಿ ಸೈಕಲ್ ತರಬಾರದು ಎಂದರು. ಅಲ್ಲಿ ನಿಷೇಧದ ಫಲಕವೇನೂ ಇರಲಿಲ್ಲ. ಅದೇ ಗುಡ್ಡದಲ್ಲಿ ಎಷ್ಟೋ ಜನ ಸೈಕಲ್ ತುಳಿಯುವುದನ್ನು ನೋಡಿದ್ದೇನೆ. ತಪ್ಪು ನನ್ನದೇ?

ಉತ್ತರ: ಆ ಹಿರಿಯರು ಹೇಳಿದ್ದು ಸರಿಯಿರುವ ಸಂಭವವೇ ಹೆಚ್ಚು. ನಿಷೇಧದ ಫಲಕವಿಲ್ಲದ ದಾರಿ ಎಲ್ಲರಿಗೂ ತೆರೆದಿದೆ ಎಂದು ಇಂಗ್ಲೆಂಡಿನಲ್ಲಿ ಭಾವಿಸುವಂತಿಲ್ಲ. ಅಲ್ಲಿನ ಕಾಡು, ಹುಲ್ಲುಗಾವಲು, ಬೆಟ್ಟಗಳಿಗೆ ಬಹುತೇಕ ಒಬ್ಬ ಒಡೆಯನೋ ಒಂದು ಸಂಸ್ಥೆಯೋ ಇರುತ್ತದೆ. ಆ ನೆಲದ ಮೇಲೆ ಹಾದುಹೋಗುವ ಹಕ್ಕು ಮಾತ್ರ ಸಾರ್ವಜನಿಕರದು, ಅದೂ ದಾರಿಯ ಬಗೆಯನ್ನು ಅವಲಂಬಿಸಿ ಬೇರೆಬೇರೆಯಾಗಿರುತ್ತದೆ. ಫುಟ್‌ಪಾತ್ ಎಂದು ದಾಖಲಾದ ದಾರಿಯಲ್ಲಿ ನಡೆಯುವ ಹಕ್ಕಷ್ಟೇ ಇದೆ. ಬ್ರೈಡಲ್‌ವೇ, ಅಂದರೆ ಕುದುರೆ ದಾರಿಯಲ್ಲಿ, ನಡೆಯುವವರಿಗೂ ಕುದುರೆ ಸವಾರರಿಗೂ ಮೊದಲಿನಿಂದ ಇದ್ದ ಹಕ್ಕನ್ನು 1968ರ ಕಂಟ್ರಿಸೈಡ್ ಕಾಯ್ದೆ ಸೈಕಲ್ ಸವಾರರಿಗೂ ವಿಸ್ತರಿಸಿತು. ಆದರೆ ಅದರೊಂದಿಗೆ ಒಂದು ಷರತ್ತನ್ನೂ ಇಟ್ಟಿತು: ನಡೆಯುವವರಿಗೂ ಕುದುರೆಗಳಿಗೂ ಸೈಕಲ್ಲಿನವರು ದಾರಿ ಬಿಟ್ಟುಕೊಡಬೇಕು. ನಾವು ಆ ದಾರಿಗೆ ಕೊನೆಗೆ ಬಂದವರು ಎಂಬುದನ್ನು ಕಾನೂನೇ ನೆನಪಿಸುತ್ತದೆ. ಬೈವೇ, ಅಂದರೆ ಬಂಡಿಗಳೂ ಹೋಗಬಹುದಾದ ದಾರಿ ಎಂದು ದಾಖಲಾದ ಕಡೆಯೂ ಸೈಕಲ್ ತುಳಿಯಬಹುದು.

ದಾರಿ ಯಾವ ಬಗೆಯದು ಎಂದು ತಿಳಿಯುವುದು ಕಷ್ಟವಲ್ಲ. ದಾರಿ ಕವಲೊಡೆಯುವಲ್ಲಿ ನೆಟ್ಟ ಕಂಬಗಳ ಮೇಲೆ ಬಣ್ಣದ ಬಾಣಗಳಿರುತ್ತವೆ. ಹಳದಿ ಬಾಣವೆಂದರೆ ನಡೆಯುವವರಿಗೆ ಮಾತ್ರ. ನೀಲಿ ಬಾಣ ಕುದುರೆ ದಾರಿಯದು. ನೇರಳೆ ಮತ್ತು ಕೆಂಪು ಬಾಣಗಳು ಎರಡು ಬಗೆಯ ಬೈವೇಗಳವು. ಬಾಣ ಕಾಣದ ಕಡೆ ಆರ್ಡ್‌ನೆನ್ಸ್ ಸರ್ವೆ ಸಂಸ್ಥೆಯ 1:25,000 ಪ್ರಮಾಣದ ಎಕ್ಸ್‌ಪ್ಲೋರರ್ ನಕ್ಷೆಯನ್ನು ನೋಡಿ. ಅದರಲ್ಲಿ ಹಸಿರು ಬಣ್ಣದ ಗಿಡ್ಡ ಗೆರೆಗಳ ಸಾಲು ಕಾಲುದಾರಿಯನ್ನು, ಉದ್ದ ಗೆರೆಗಳ ಸಾಲು ಕುದುರೆ ದಾರಿಯನ್ನು ಸೂಚಿಸುತ್ತದೆ. ನಿಮ್ಮ ಊರಿನ ಸುತ್ತಮುತ್ತಲಿಗೆ 145ನೆಯ, ಡಾರ್ಕಿಂಗ್ ಕಡೆಗೆ 146ನೆಯ ಹಾಳೆ ಬೇಕಾಗುತ್ತದೆ. 2000ದ ಕಾಯ್ದೆಯಿಂದ ತೆರೆದ ಬಯಲುಗಳಲ್ಲಿ ಎಲ್ಲೆಂದರಲ್ಲಿ ಓಡಾಡುವ ಹಕ್ಕು ಸಿಕ್ಕಿದೆ ಎಂದು ಕೆಲವರು ಹೇಳುವುದನ್ನು ನೀವು ಕೇಳಿರಬಹುದು. ಆ ಹಕ್ಕು ನಡೆಯುವವರಿಗೇ ಹೊರತು ಸೈಕಲ್ಲಿಗಲ್ಲ. ಸ್ಕಾಟ್ಲೆಂಡಿನ 2003ರ ಕಾಯ್ದೆ ಸೈಕಲ್ಲಿಗೂ ಉದಾರವಾಗಿದೆ, ಆದರೆ ಅದು ಗಡಿಯಿಂದೀಚೆಗೆ ಅನ್ವಯಿಸುವುದಿಲ್ಲ.

ಹಾಗಾದರೆ ನೀವು ಕಂಡ ಅಷ್ಟೊಂದು ಸೈಕಲ್ ಸವಾರರು ಯಾವ ಹಕ್ಕಿನಿಂದ ಬರುತ್ತಾರೆ? ಪಿಚ್ ಹಿಲ್, ಹೋಂಬರಿ ಹಿಲ್, ಲೀತ್ ಹಿಲ್ ಎಂಬ ಮೂರು ಗುಡ್ಡಗಳ ಇಳಿಜಾರುಗಳಲ್ಲಿ, ಪೈನ್ ಮರಗಳ ನಡುವೆ, ಒಂದು ಸೈಕಲ್ ಮಾತ್ರ ಹಿಡಿಸುವಷ್ಟು ಕಿರಿದಾದ ಜಾಡುಗಳಿವೆ. ಬ್ಯಾರಿ ನೋಸ್ ಬೆಸ್ಟ್, ಯೋಗರ್ಟ್ ಪಾಟ್ಸ್, ಟೆಲಿಗ್ರಾಫ್ ರೋ ಮುಂತಾದ ಹೆಸರುಗಳಿಂದ ಸವಾರರ ನಡುವೆ ಪ್ರಸಿದ್ಧವಾಗಿರುವ ಇವನ್ನು ಸವಾರರೇ ತಮ್ಮ ಬಿಡುವಿನ ದಿನಗಳಲ್ಲಿ ಗುದ್ದಲಿ ಹಿಡಿದು ರೂಪಿಸಿದರು. ಇವು ಸಾರ್ವಜನಿಕ ಹಕ್ಕಿನ ದಾರಿಗಳಲ್ಲ. ಭೂಮಾಲೀಕರ ಸಮ್ಮತಿಯ ಮೇಲೆ ಅಥವಾ ಅವರ ಸಹನೆಯ ಮೇಲೆ ನಿಂತಿರುವಂಥವು. ಪೀಸ್ಲೇಕ್ ಹಳ್ಳಿಯ ಮೇಲಿರುವ ಹರ್ಟ್‌ವುಡ್ ಕಾಡು ಖಾಸಗಿ ನೆಲವಾಗಿದ್ದರೂ 1926ರಲ್ಲೇ ಅದರ ಒಡೆಯರು ಸಾರ್ವಜನಿಕರಿಗೆ ಅದನ್ನು ತೆರೆದರು. ಅಂದು ದೊರೆತದ್ದು ನಡಿಗೆಗೂ ಕುದುರೆಗೂ ಅವಕಾಶ. ಸೈಕಲ್ಲುಗಳು ಅಲ್ಲಿ ಓಡಾಡುತ್ತಿರುವುದು ಕಾಡನ್ನು ನೋಡಿಕೊಳ್ಳುವವರ ಔದಾರ್ಯದಿಂದ. ಸವಾರರ ನಡತೆ ಕೆಟ್ಟರೆ ಹಿಂತೆಗೆದುಕೊಳ್ಳಬಹುದಾದ ಔದಾರ್ಯ ಅದು. ಆದ್ದರಿಂದ ಅನುಮತಿಯಿಲ್ಲದೆ ಹೊಸ ಜಾಡು ತೋಡುವುದು, ಹಾರಲೆಂದು ಮಣ್ಣಿನ ದಿಬ್ಬ ಕಟ್ಟುವುದು, ಇವುಗಳಿಗೆ ದಯವಿಟ್ಟು ಕೈಹಾಕಬೇಡಿ.

ಕುದುರೆಯೊಂದು ಎದುರಾದರೆ ಏನು ಮಾಡಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮೂರಿನಿಂದ ಹೋದವರಿಗೆ ಇದು ರೂಢಿಯಿಲ್ಲದ ಸಂಗತಿ. ಹಿಂದಿನಿಂದ ಬರುತ್ತಿದ್ದರೆ ಸಾಕಷ್ಟು ದೂರದಲ್ಲೇ ವೇಗ ತಗ್ಗಿಸಿ, ಬಾಯಿ ತೆರೆದು ಮಾತನಾಡಿ. ಗಂಟೆಯ ಸದ್ದಿಗಿಂತ ಮನುಷ್ಯರ ದನಿ ಕುದುರೆಗೆ ಪರಿಚಿತ. ಸವಾರರು ಮುಂದೆ ಹೋಗಿ ಎನ್ನುವವರೆಗೆ ಕಾಯಿರಿ; ಆಮೇಲೆ ನಡಿಗೆಯ ವೇಗದಲ್ಲಿ, ಸಾಧ್ಯವಾದಷ್ಟು ಅಂತರವಿಟ್ಟು ದಾಟಿರಿ. ಬೆದರಿದ ಕುದುರೆಯಿಂದ ಬೀಳುವವರು ಅನೇಕ ವೇಳೆ ಚಿಕ್ಕ ಮಕ್ಕಳು.

ಪ್ರಶ್ನೆ: ಮಳೆಗಾಲವೆಂಬ ಪ್ರತ್ಯೇಕ ಕಾಲವೇ ಇಲ್ಲದ ಆ ದೇಶದಲ್ಲಿ ಚಳಿಗಾಲದಲ್ಲಿಯೂ ಕಾಡಿನ ಜಾಡುಗಳಲ್ಲಿ ಸೈಕಲ್ ತುಳಿಯಬಹುದೇ?

ಉತ್ತರ: ಕಾಲಕ್ಕಿಂತ ಕಾಲಡಿಯ ಮಣ್ಣನ್ನು ನೋಡಿ ನಿರ್ಧರಿಸುವುದು ಒಳ್ಳೆಯದು. ಸರ್ರೆ ಹಿಲ್ಸ್‌ನಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಮೂರು ಬಗೆಯ ನೆಲ ಸಿಗುತ್ತದೆ. ಉತ್ತರದ ಸಾಲು, ಅಂದರೆ ನಾರ್ತ್ ಡೌನ್ಸ್, ಸೀಮೆಸುಣ್ಣದಂಥ ಬಿಳಿ ಬಂಡೆಯದು. ಒದ್ದೆಯಾದರೆ ಅದು ಸಾಬೂನಿನಂತೆ ಜಾರುತ್ತದೆ, ಮತ್ತು ಅದರಲ್ಲಿ ಹುದುಗಿರುವ ಚಕಮಕಿ ಕಲ್ಲಿನ ಚೂಪಾದ ಅಂಚುಗಳು ಟೈರನ್ನು ಸೀಳುತ್ತವೆ. ಅದರ ದಕ್ಷಿಣಕ್ಕೆ ಮೇಲೆ ಹೇಳಿದ ಮೂರು ಗುಡ್ಡಗಳ ಸಾಲು ಮರಳುಗಲ್ಲಿನದು; 294 ಮೀಟರ್ ಎತ್ತರದ ಲೀತ್ ಹಿಲ್ ಇದರ ತುದಿ, ಆಗ್ನೇಯ ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಎತ್ತರದ ಗುಡ್ಡಗಳಲ್ಲಿ ಒಂದು. ಮರಳು ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದರಿಂದಲೇ ಜನವರಿಯಲ್ಲಿಯೂ ಇಲ್ಲಿ ಸವಾರಿ ಸಾಧ್ಯವಾಗುತ್ತದೆ. ಸವಾರರು ಈ ಗುಡ್ಡಗಳಿಗೆ ಮುಗಿಬೀಳುವುದಕ್ಕೆ ಇದೊಂದು ಮುಖ್ಯ ಕಾರಣ. ಇನ್ನೂ ದಕ್ಷಿಣಕ್ಕೆ ಇಳಿದರೆ ವೀಲ್ಡ್ ಪ್ರದೇಶದ ಜೇಡಿಮಣ್ಣು. ಚಳಿಗಾಲದಲ್ಲಿ ಅದರ ಗೊಡವೆಗೆ ಹೋಗದಿರುವುದೇ ಲೇಸು: ಚಕ್ರ ತಿರುಗದಷ್ಟು ಮೆತ್ತಿಕೊಳ್ಳುತ್ತದೆ, ಕುದುರೆ ದಾರಿಯೂ ಹಾಳಾಗುತ್ತದೆ.

ಮರಳು ನೆಲದಲ್ಲಿಯೂ ಎಚ್ಚರ ಬೇಕು. ಅಕ್ಟೋಬರ್ ಕಳೆದ ಮೇಲೆ ಬೀಚ್ ಮರದ ತರಗೆಲೆಗಳು ಬೇರುಗಳನ್ನು ಮುಚ್ಚಿಬಿಡುತ್ತವೆ. ಒದ್ದೆ ಬೇರಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಪಕ್ಕಕ್ಕೆ ಜಾರುವುದು ಖಚಿತ, ಆದ್ದರಿಂದ ಬೇರಿಗೆ ಮುಂಚೆಯೇ ವೇಗ ತಗ್ಗಿಸಿ ಬೇರನ್ನು ನೇರವಾಗಿ ದಾಟಬೇಕು. ಇಬ್ಬನಿ ಹೆಪ್ಪುಗಟ್ಟಿದ ಮುಂಜಾನೆ ನೆಲ ಗಟ್ಟಿಯಾಗಿರುತ್ತದೆ, ಆದರೆ ಬಿಸಿಲೇರಿ ಅದು ಕರಗುವ ಹೊತ್ತಿಗೆ ಮೇಲ್ಮಣ್ಣು ಸಡಿಲವಾಗುತ್ತದೆ, ಜಾಡು ಹೆಚ್ಚು ಕೆಡುವುದು ಆಗಲೇ. ನೀರು ನಿಂತ ಗುಂಡಿ ಸಿಕ್ಕರೆ ಪಕ್ಕದ ಹುಲ್ಲಿನ ಮೇಲೆ ಹೋಗದೆ ನಡುವೆಯೇ ಹೋಗಿರಿ. ಎಲ್ಲರೂ ಪಕ್ಕಕ್ಕೆ ಸರಿಯುತ್ತಾ ಹೋದರೆ ಒಂದು ಮೊಳದ ಜಾಡು ಬಂಡಿದಾರಿಯಷ್ಟು ಅಗಲವಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ದೀಪವಿಲ್ಲದೆ ಹೊರಡಬೇಡಿ.

ಪ್ರಶ್ನೆ: ನಾವು ರೆಡಿಂಗ್‌ನಲ್ಲಿದ್ದೇವೆ. ಹನ್ನೆರಡು ವರ್ಷದ ಮಗನನ್ನು ಮೊದಲ ಸಲ ಎಲ್ಲಿಗೆ ಕರೆದುಕೊಂಡು ಹೋಗಬಹುದು?

ಉತ್ತರ: ಬ್ರಾಕ್‌ನೆಲ್ ಬಳಿಯ ಸ್ವಿನ್ಲಿ ಕಾಡು ನಿಮಗೆ ಹತ್ತಿರ. ಅಲ್ಲಿ ಸೈಕಲ್ಲಿಗೆಂದೇ ಮಾಡಿದ ಜಾಡುಗಳಿಗೆ ಕಷ್ಟದ ಮಟ್ಟಕ್ಕೆ ತಕ್ಕಂತೆ ಬಣ್ಣ ಕೊಟ್ಟಿದ್ದಾರೆ. ಹಸಿರು ಸುಲಭ, ನೀಲಿ ಮಧ್ಯಮ, ಕೆಂಪು ಕಠಿಣ; ಬೇರೆ ಕಾಡುಗಳಲ್ಲಿ ಕಾಣುವ ಕಪ್ಪು ನುರಿತವರಿಗೆ ಮಾತ್ರ. ಹಸಿರಿನಿಂದ ಆರಂಭಿಸಿ ನೀಲಿಗೆ ಹೋಗಿರಿ. ಮಗನಿಗೆ ಒಂದು ಸಂಗತಿಯನ್ನು ತಪ್ಪದೆ ವಿವರಿಸಿ: ಜಾಡಿನ ನೀಲಿ ಬಣ್ಣ ಕಷ್ಟದ ಮಟ್ಟವನ್ನು ಹೇಳಿದರೆ, ಸಾರ್ವಜನಿಕ ದಾರಿಯ ನೀಲಿ ಬಾಣ ಹಕ್ಕನ್ನು ಹೇಳುತ್ತದೆ, ಮತ್ತು ಆ ಬಾಣವಿರುವ ದಾರಿ ಎಷ್ಟು ಕಡಿದಾಗಿಯೂ ಇರಬಹುದು. ಬೇಸಿಗೆಯಲ್ಲಿ ನತ್ತಿಂಗ ಜಾತಿಯ ಹಕ್ಕಿಗಳು ಆ ಭಾಗದ ಕುರುಚಲು ಬಯಲುಗಳಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವುದರಿಂದ ಜಾಡು ಬಿಟ್ಟು ಇಳಿಯದಂತೆಯೂ ತಿಳಿಸಿ. ಬ್ಯಾಟರಿ ಸೈಕಲ್ಲಿನ ಆಲೋಚನೆಯಿದ್ದರೆ ಸದ್ಯ ಬಿಡಿ. ಅಲ್ಲಿನ ನಿಯಮದಂತೆ ಅದಕ್ಕೆ ಹದಿನಾಲ್ಕು ವರ್ಷ ತುಂಬಿರಬೇಕು.

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಕಾಡುಗಳಲ್ಲಿ ಸೈಕಲ್ ಓಡಿಸುತ್ತಾನೆ. ಅಲ್ಲಿಯೂ ಉಣುಗಿನ ಕಾಟವಿದೆಯಂತೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮಗೆ ಆ ಹೆಸರು ಕೇಳಿದರೇ ಭಯವಾಗುತ್ತದೆ.

ಉತ್ತರ: ನಿಮ್ಮ ಭಯ ಅರ್ಥವಾಗುವಂಥದ್ದೇ, ತಾಯಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ನೋವನ್ನು ನಿಮ್ಮ ಸೀಮೆಯವರು ಮರೆಯುವಂತಿಲ್ಲ. ಇಂಗ್ಲೆಂಡಿನ ಉಣುಗಿನಿಂದ ಹರಡುವ ಲೈಮ್ ಕಾಯಿಲೆ ಅದಲ್ಲ. ಮಂಗನ ಕಾಯಿಲೆಗೆ ವೈರಸ್ ಕಾರಣ. ಇದಕ್ಕೆ ಬ್ಯಾಕ್ಟೀರಿಯಾ ಕಾರಣವಾದ್ದರಿಂದ ಆಂಟಿಬಯೋಟಿಕ್ ಔಷಧದಿಂದ ಗುಣಪಡಿಸಬಹುದು. ಕಚ್ಚಿದ ಎಲ್ಲ ಉಣುಗುಗಳಲ್ಲಿಯೂ ಸೋಂಕಿರುವುದಿಲ್ಲ. ವಸಂತದಿಂದ ಶರತ್ಕಾಲದವರೆಗೆ, ಎತ್ತರದ ಜರಿಗಿಡಗಳ ನಡುವಿನ ಜಾಡುಗಳಲ್ಲಿ ಇವು ಹೆಚ್ಚು. ಮನೆಗೆ ಬಂದ ಕೂಡಲೇ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕೂದಲಿನ ಅಂಚುಗಳನ್ನು ನೋಡಿಕೊಳ್ಳುವಂತೆ ಮಗನಿಗೆ ಹೇಳಿ. ಉಣುಗು ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ಹಿಸುಕದೆ ನಿಧಾನವಾಗಿ ಮೇಲಕ್ಕೆ ಎಳೆಯಬೇಕು. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಮುಂದಿನ ಕೆಲವು ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಹಿಗ್ಗುತ್ತಾ ಹೋಗುವ ಕೆಂಪು ಕಲೆಯಾಗಲಿ ಜ್ವರವಾಗಲಿ ಕಂಡರೆ ವೈದ್ಯರಲ್ಲಿಗೆ ಹೋಗಿ, ಉಣುಗು ಕಚ್ಚಿದ ದಿನವನ್ನೂ ಊರನ್ನೂ ತಿಳಿಸಬೇಕು. ಕಲೆ ಮೂಡಿದ ದಿನವೇ ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಅನುಕೂಲ.