ಏಕಾಗ್ರತೆ ಇಲ್ಲ ಅಂತ ಬಂದವರ ಮೇಜು

ಪರೀಕ್ಷೆಗೆ ಓದುತ್ತಿದ್ದ ಯುವತಿ, ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ಗುರುತು ಸಿಗುವ ವಿವರ ಎಲ್ಲ ಬಿಟ್ಟಿದ್ದೇನೆ. "ಓದಿದ ಸಾಲನ್ನೇ ಮತ್ತೆ ಮತ್ತೆ ಓದ್ತೀನಿ ಮೇಡಂ, ನನಗೆ ಏಕಾಗ್ರತೆನೇ ಇಲ್ಲ" ಅಂದರು. ನಿದ್ದೆ, ಆತಂಕ, ಮನೆ ವಿಚಾರ ಎಲ್ಲ ಕೇಳಿದೆ. ಅಂಥದ್ದೇನೂ ಕಾಣಲಿಲ್ಲ. ಆದರೆ ಲೈಬ್ರರಿಯಲ್ಲಿ ಕೂತರೆ ಚೆನ್ನಾಗೇ ಓದುತ್ತಾರಂತೆ! ಹಾಗಾದರೆ ಜಾಗವನ್ನೂ ನೋಡಬೇಕಲ್ವಾ? ಓದುವ ಮೇಜಿನ ಫೋಟೋ ತರಿಸಿಕೊಂಡೆ.

ಮೇಜು ಕಿಟಕಿಗೆ ನೇರ ಎದುರು, ಹಗಲೆಲ್ಲ ಬಿಸಿಲಿನ ಪ್ರಖರ ಬೆಳಕು ಕಣ್ಣಿಗೆ, ಪುಸ್ತಕ ಮಾತ್ರ ನೆರಳಲ್ಲಿ. ರಾತ್ರಿ ಬೆನ್ನ ಹಿಂದಿನ ಟ್ಯೂಬ್‌ಲೈಟಿನಿಂದ ಪುಟದ ಮೇಲೆ ಅವರದೇ ತಲೆಯ ನೆರಳು. ಪಕ್ಕದಲ್ಲಿ ಟೀವಿ. "ಸೌಂಡ್ ಆಫ್ ಮಾಡಿರ್ತೀವಿ" ಅಂದರು.

ಸೌಂಡ್ ಇಲ್ಲದಿದ್ದರೂ ಟೀವಿ ಟೀವಿಯೇ. ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಜಿಗಿಯುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು, ಮುಂದೆ ಎಲ್ಲಿಗೆ ಜಿಗಿಯಬೇಕು ಅನ್ನುವುದನ್ನು ಓರೆಗಣ್ಣಿನಲ್ಲೇ ಗುರುತಿಸಿಕೊಳ್ಳುತ್ತದೆ. ಅದೇ ಓರೆಗಣ್ಣಿಗೆ ಏನೋ ಅಲುಗಾಡುವುದು ಬಿದ್ದರೆ ಗಮನ ತಾನಾಗೇ ಅತ್ತ ಹೋಗುತ್ತದೆ, ವಾಪಸ್ ಬರುವಷ್ಟರಲ್ಲಿ ಸಾಲು ತಪ್ಪಿರುತ್ತದೆ. ಇದಕ್ಕೆ ಮನಸ್ಸು ಗಟ್ಟಿ ಇಲ್ಲ ಅಂತ ಬೈದುಕೊಂಡರೆ ಏನು ಪ್ರಯೋಜನ?

ಕಿಟಕಿಯ ಕಥೆ ಬೇರೆ. ಎದುರಿನ ಜೋರು ಬೆಳಕು ಕಣ್ಣೊಳಗೆ ಚದುರಿ ಅಕ್ಷರದ ಕಪ್ಪನ್ನು ಮಸುಕು ಮಾಡುತ್ತದೆ. ನಮ್ಮ ಪ ಮತ್ತು ಷ, ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಗೆರೆ ಅಷ್ಟೇ, ಒತ್ತಕ್ಷರಗಳಂತೂ ಇನ್ನೂ ಚಿಕ್ಕವು.

ನಾನು ಹೇಳಿದ್ದು ಸರಳ. ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿ, ಬಲಗೈಯಲ್ಲಿ ಬರೆಯುವವರಾದರೆ ಕಿಟಕಿ ಎಡಕ್ಕಿರಲಿ. ಟೀವಿಗೆ ಬೆನ್ನು ಹಾಕಿ ಕೂರಿ. ರಾತ್ರಿ ಪುಟದ ಮೇಲೆ ಬೀಳುವ ದೀಪ ಇರಲಿ, ಆದರೆ ಕೋಣೆಯ ದೀಪ ಆರಿಸಬೇಡಿ, ಕಣ್ಣೆತ್ತಿದಾಗಲೆಲ್ಲ ಕತ್ತಲೆಗೆ ಹೊಂದಿಕೊಳ್ಳುವುದು ಸುಸ್ತು. ಓದುವ ಮೇಜಿಗೆ ಸಾಮಾನ್ಯವಾಗಿ ಹೇಳುವ ಅಳತೆ 500 ಲಕ್ಸ್ (ಮೇಜಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದರ ಮಾಪನ). ಸಾಲುಗಳು ತೀರಾ ಒತ್ತೊತ್ತಾಗಿದ್ದರೆ ಕೆಳಗಿನ ಸಾಲುಗಳನ್ನು ಬಿಳಿ ಹಾಳೆಯಿಂದ ಮುಚ್ಚಿಕೊಳ್ಳಿ. ಮತ್ತೆ, ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ. (ಮಂದ ಬೆಳಕಲ್ಲಿ ಓದಿದರೆ ಕಣ್ಣೇ ಹೋಗುತ್ತದೆ ಅನ್ನುವ ಭಯ ಅವರ ತಾಯಿಗಿತ್ತು. ಹಾಗೇನಿಲ್ಲ, ದಣಿಯುತ್ತದೆ ಅಷ್ಟೇ.)

ಕಣ್ಣಿನ ಪರೀಕ್ಷೆಯಲ್ಲಿ ಸಣ್ಣ ಪವರ್ ಇರುವುದು ಗೊತ್ತಾಗಿ ಕನ್ನಡಕ ಬಂತು. ಈಗ ಸಾಲು ತಪ್ಪುವುದು ಬಹಳ ಕಡಿಮೆ. ಗಣಿತದ ಪುಸ್ತಕ ತೆರೆಯದೆ ಮುಂದೂಡುವುದು ಮಾತ್ರ ಹಾಗೇ ಇದೆ. ಅದಕ್ಕೂ ಮೇಜಿಗೂ ಸಂಬಂಧವಿಲ್ಲ, ಸದ್ಯ ಅದರ ಬಗ್ಗೆಯೇ ಮಾತಾಡುತ್ತಿದ್ದೇವೆ.